ಕ್ಲೈವಿಯಾ ಮರಿ ಕೇಳಲು ಬಂದವಳು

ದಿನಾ ಬೆಳಗ್ಗೆ ಬೇರೆಯವರ ಕಥೆ ಫಾರ್ವರ್ಡ್ ಮಾಡಿ ಮಾಡಿ ನನಗೇ ಬೇಜಾರಾಗಿದೆ...

ಇವತ್ತು ನನ್ನದೇ ಒಂದು ಕಥೆ ಬರೆಯುತ್ತೇನೆ. ಓದಿ ಆದಮೇಲೆ ಕೈಮುಗಿಯುವ ಎಮೋಜಿ ಮಾತ್ರ ದಯವಿಟ್ಟು ಹಾಕಬೇಡಿ.

ಚಿಕ್ಕಮಗಳೂರಿನ ನಮ್ಮ ಬಡಾವಣೆಯಲ್ಲಿ ಕ್ಲೈವಿಯಾ ಹೂಗಿಡ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ.

ಬೆಲ್ಟಿನಂಥ ಉದ್ದ ಎಲೆ, ಹತ್ತಾರು ಬುಡ ಒತ್ತೊತ್ತಾಗಿ ಒಂದೇ ಗುಂಪು. ಹಲಸಿನ ಮರದ ಅರೆನೆರಳಿನಲ್ಲಿ ಹದಿನೈದು ವರ್ಷದಿಂದ ಬೆಳೆಸಿದ್ದು. ಫೆಬ್ರವರಿ ಬಂತೆಂದರೆ ಕಿತ್ತಳೆ ಬಣ್ಣದ ಹೂಗೊಂಚಲು... ನೋಡಲು ಎರಡು ಕಣ್ಣು ಸಾಲದು.

ಲೇಡೀಸ್ ಕ್ಲಬ್ಬಿನ ಫ್ಲವರ್ ಶೋದಲ್ಲಿ ಆಗಲೇ ಏಳು ಸಲ ಕಪ್ ನನ್ನದೇ. ಅಲ್ಲಿಯವರೆಗೆ ಒಂದು ಮರಿಯನ್ನೂ ಯಾರಿಗೂ ಕಿತ್ತು ಕೊಟ್ಟವಳಲ್ಲ ನಾನು.

ಆಗ ಪಕ್ಕದ ಮನೆಗೆ ಮಂದಾಕಿನಿ ಬಂದಳು. ಮೂವತ್ತಾರು ವರ್ಷ, ಗಂಡ ಎಲ್‌ಐಸಿಯಲ್ಲಿ, ಮಕ್ಕಳಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದವಳು, ತಾಂಬೂಲ ಕೈಯಲ್ಲಿ ಹಿಡಿದೇ ಕೇಳಿಬಿಟ್ಟಳು. "ಇಂದುಮತಕ್ಕಾ, ಆ ಗಿಡದ್ದು ಒಂದೇ ಒಂದು ಮರಿ ಕೊಡ್ತೀರಾ?"

ಕುಂಕುಮಕ್ಕೆ ಬಂದ ಮುತ್ತೈದೆ ಕೇಳಿದ್ದನ್ನು ಇಲ್ಲ ಅನ್ನಬಾರದು ಎಂದು ನಮ್ಮಮ್ಮ ಕಲಿಸಿದ್ದರು. ಇಲ್ಲ ಅನ್ನಲಿಲ್ಲ... ಕೊಟ್ಟೆ.

ಜೊತೆಗೆ ಒಂದು ಸುಳ್ಳನ್ನೂ ಕೊಟ್ಟೆ.

"ಟೆರೇಸ್ ಮೇಲೆ ಒಳ್ಳೆ ಬಿಸಿಲಲ್ಲಿಡು. ದಿನಾ ಒಂದು ಚೊಂಬು ನೀರು, ಎಲೆ ನಡುವಿನ ಸುಳಿಗೇ ಹಾಕು. ಮರೀಬೇಡ."

ಗಿಡ ಬೆಳೆಸುವವರಿಗೆ ಗೊತ್ತು. ಕ್ಲೈವಿಯಾಕ್ಕೆ ಬಿಸಿಲು ಬಿದ್ದರೆ ಎಲೆ ಸುಡುತ್ತದೆ, ಸುಳಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಎರಡೂ ಗೊತ್ತಿದ್ದೇ ಹೇಳಿದ್ದು.

ಪಾಪ, ಅವಳು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಚೊಂಬು ಹಿಡಿದು ಮೆಟ್ಟಿಲು ಹತ್ತುತ್ತಿದ್ದುದನ್ನು ನಾನು ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ನೋಡಿ ನಕ್ಕಿದ್ದೇನೆ.

ಮೂರು ತಿಂಗಳಲ್ಲಿ ಮರಿ ಕೊಳೆಯಿತು. ಮರುವರ್ಷ ಹಬ್ಬಕ್ಕೆ ಇನ್ನೊಂದು ಕೇಳಿದಳು. ಅದರ ಮರುವರ್ಷ ಮತ್ತೊಂದು. ಮೂರು ಸಲವೂ ಅದೇ ಸುಳ್ಳು ಹೇಳಿದೆ. ಮೂರೂ ಕೊಳೆತವು.

ಆ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಖಾಲಿ ಕುಂಡ ಹಿಡಿದುಕೊಂಡು ಬಂದಳು. ಮುಖ ಬಾಡಿತ್ತು.

"ಅಕ್ಕಾ, ನಿಮ್ಮನ್ನ ಒಂದು ಮಾತು ಕೇಳ್ಬೇಕು..."

ಕಾಫಿ ಕೊಟ್ಟೆ. ಕುಡಿಯಲಿಲ್ಲ.

"ಮೂರು ಸಲ ಬಸುರಿಯಾದೆ ಅಕ್ಕಾ, ಒಂದೂ ನಿಲ್ಲಲಿಲ್ಲ. ನಿನ್ನ ಕೈಯಲ್ಲಿ ಯಾವುದೂ ಉಳಿಯಲ್ಲ ಅಂತ ನಮ್ಮತ್ತೆ ಹೇಳ್ತಾನೇ ಇರ್ತಾರೆ. ಮಗು ದತ್ತು ತಗೊಳ್ಳೋಣ ಅಂತ ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದ್ವಿ. ನಿನ್ನೆ ಫೋನ್ ಬಂತು. ಎಂಟು ತಿಂಗಳ ಹೆಣ್ಣು ಮಗು... ನಾಳೆ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳ್ಬೇಕು."

ಖಾಲಿ ಕುಂಡವನ್ನು ಮಡಿಲಲ್ಲಿ ತಿರುಗಿಸುತ್ತಾ ಅವಳೇ ಮುಂದುವರಿಸಿದಳು.

"ಒಂದು ಗಿಡಾನಾದ್ರೂ ಉಳಿಸಿಕೊಂಡ್ರೆ ನನಗೆ ಧೈರ್ಯ ಬರುತ್ತೆ ಅಂತ ಅಂದ್ಕೊಂಡಿದ್ದೆ. ಅದೂ ಆಗ್ಲಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದೀನಿ ಅಕ್ಕಾ, ಒಂದು ದಿನಾನೂ ಬಿಟ್ಟಿಲ್ಲ... ನಿಮ್ಮ ಕೈಗುಣ ದೊಡ್ಡದು, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ನನ್ನ ಕೈಲಿ ಮಗು ಸಾಕೋಕಾಗುತ್ತಾ?"

ನಿಜ ಹೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಆದರೆ ಫ್ಲವರ್ ಶೋಗೆ ಎರಡೇ ತಿಂಗಳಿತ್ತು. ಬಾಯಿ ಬಿಟ್ಟರೆ ಕ್ಲಬ್ಬಿಗೆಲ್ಲ ಗೊತ್ತಾಗುತ್ತದೆ. ನನ್ನ ಮರ್ಯಾದೆಯೇ ದೊಡ್ಡದಾಯಿತು.

"ಎಲ್ಲರಿಗೂ ಎಲ್ಲಾ ಒಗ್ಗಲ್ಲ ಬಿಡಮ್ಮ" ಎಂದೆ.

ಅವಳು ತಲೆ ಆಡಿಸಿದಳು. ಕುಂಡವನ್ನು ನಮ್ಮ ಮೆಟ್ಟಿಲ ಮೇಲಿಟ್ಟು ಹೋದಳು.

ಮರುದಿನ ಸಂಜೆ ಅವಳ ಗಂಡ ಫೋನ್ ಮಾಡಿ ಬೇಡ ಎಂದು ಹೇಳಿದ್ದು ಕಾಂಪೌಂಡಿನಾಚೆಯಿಂದ ನನಗೂ ಕೇಳಿಸಿತು. ದತ್ತು ಪಟ್ಟಿಯಿಂದ ತಮ್ಮ ಹೆಸರನ್ನೇ ತೆಗೆಸಿದರು.

ಫೆಬ್ರವರಿಯಲ್ಲಿ ಹತ್ತನೆಯ ಕಪ್ ಗೆದ್ದೆ. ಶಾಮಿಯಾನದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮಂದಾಕಿನಿ.

ಹತ್ತಿರ ಬಂದು, ನನ್ನ ಬಲಗೈ ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. "ಇಂಥ ಕೈ ಎಲ್ಲರಿಗೂ ಸಿಗಲ್ಲ ಅಕ್ಕಾ."

ಅವಳ ರೆಪ್ಪೆ ಒದ್ದೆಯಾಗಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ, ಕಪ್ ಕಂಕುಳಲ್ಲಿಟ್ಟುಕೊಂಡೇ, ಎಲ್ಲವನ್ನೂ ಹೇಳಿಬಿಟ್ಟೆ. ಬಿಸಿಲು, ಚೊಂಬು, ಸುಳಿ... ಎಲ್ಲಾ.

ಬೈಯುತ್ತಾಳೆ ಅಂದುಕೊಂಡೆ. ಕಪಾಳಕ್ಕೆ ಹೊಡೆದರೂ ನೆಮ್ಮದಿಯಾಗುತ್ತಿತ್ತು.

ಅವಳು ಕೇಳಿದಳು, "ಹಾಗಾದ್ರೆ ಹೇಗೆ ನೋಡ್ಕೋಬೇಕಿತ್ತು ಅಕ್ಕಾ?"

"ನೆರಳಲ್ಲಿಟ್ಟು... ವಾರಕ್ಕೊಂದು ಸಲ ಬುಡಕ್ಕೆ ನೀರು..."

"ಅಷ್ಟೇನಾ?"

"ಅಷ್ಟೇ."

"ಅಷ್ಟೇನಾ ಅಕ್ಕಾ?"

ನಾನು ಅತ್ತೆ. ಅವಳು ಅಳಲಿಲ್ಲ. ಹಿಡಿದಿದ್ದ ನನ್ನ ಕೈ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಒಬ್ಬಳೇ ನಡೆದು ಹೋದಳು.

ಆ ಮಗು ಈಗ ಬೇರೆ ಯಾರದೋ ಮನೆಯಲ್ಲಿ ಅಮ್ಮಾ ಅನ್ನುತ್ತಿರಬಹುದು. ಚೆನ್ನಾಗಿರಲಿ. ಮಂದಾಕಿನಿಯ ಅರ್ಜಿ ಮತ್ತೆ ಹಾಕಿಸೋಣವೆಂದು ನಾನು ಎರಡು ಸಲ ಅವರ ಮನೆಗೆ ಹೋದೆ. ಬಾಗಿಲು ತೆಗೆಯಲಿಲ್ಲ.

.

*ಒಬ್ಬರ ಧೈರ್ಯವನ್ನು ಕೊಲ್ಲಲು ಕತ್ತಿ ಬೇಡ, ನಗುನಗುತ್ತಾ ಕೊಟ್ಟ ಒಂದು ತಪ್ಪು ಸಲಹೆ ಸಾಕು.*

.

ನೀವು ಹೇಳಿದ ಯಾವ ಸುಳ್ಳನ್ನು, ಯಾರು, ತಮ್ಮದೇ ತಪ್ಪು ಎಂದುಕೊಂಡು ಇವತ್ತಿಗೂ ಬದುಕುತ್ತಿದ್ದಾರೆ?