ಹತ್ತು ನಿಮಿಷದ ಉತ್ತರ

"ನಲ್ಲಿ ನೀರು ಕುಡಿಯೋಕೆ ಯೋಗ್ಯವೋ ಅಲ್ವೋ? ಒಂದೇ ಮಾತಲ್ಲಿ ಹೇಳಿ, ಸಾಕು."

ನಗರಸಭೆಯಲ್ಲಿ ಎದ್ದು ನಿಂತು ಹೀಗೆ ಕೇಳಿದವಳು, ನರ್ಸ್ ಕೆಲಸ ಬಿಟ್ಟು ಸದಸ್ಯೆಯಾಗಿದ್ದ ಹೆಂಗಸು. ಅವಳ ಬೀದಿಯಲ್ಲಿ ಒಂದೇ ವಾರದಲ್ಲಿ ಮೂರು ಮಕ್ಕಳು ವಾಂತಿಭೇದಿಯಿಂದ ತೀರಿಕೊಂಡಿದ್ದರು. ಅಧ್ಯಕ್ಷರ ಬೆನ್ನ ಹಿಂದೆ ಕುಳಿತಿದ್ದ ಗುಮಾಸ್ತ ಗಡಿಯಾರ ನೋಡಿದ.

ಪ್ರಶ್ನೆಯೊಂದಕ್ಕೆ ಹತ್ತು ನಿಮಿಷ, ಅದು ಸಭೆಯ ನಿಯಮ. ಗಂಟೆ ಹೊಡೆಯಿತೆಂದರೆ ಉತ್ತರ ಬರಲಿ ಬಿಡಲಿ, ಪ್ರಶ್ನೆ ಮುಗಿದಂತೆಯೇ. ಆ ಹತ್ತು ನಿಮಿಷ ತುಂಬಿಸಿಕೊಡುವುದೇ ಗುಮಾಸ್ತನ ಕಸುಬು. ಹದಿನೆಂಟು ವರ್ಷಗಳಲ್ಲಿ ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆದವನಲ್ಲ. ಕಚೇರಿಯಲ್ಲಿ ಅವನನ್ನು ಅಂಕಿಯಪ್ಪ ಎಂದೇ ಕರೆಯುತ್ತಿದ್ದರು. ಅದರ ಬಗ್ಗೆ ಅವನಿಗೆ ಕೊಂಚ ಜಂಬವೂ ಇತ್ತು.

ಅವನು ಬರೆದುಕೊಟ್ಟ ಉತ್ತರವನ್ನು ಅಧ್ಯಕ್ಷರು ಊರಿನ ರೇಡಿಯೋಗೆಂದು ಇಟ್ಟಿದ್ದ ಮೈಕಿನ ಮುಂದೆ ಓದತೊಡಗಿದರು. ಕೊಳವೆಗಳ ಒಟ್ಟು ಉದ್ದ, ಟ್ಯಾಂಕಿಗೆ ಹಿಡಿದ ಸಿಮೆಂಟು, ಸುತ್ತ ನೆಟ್ಟ ಗಿಡಗಳು, ಟ್ಯಾಂಕಿಗೆ ಬಳಿದ ಹಳದಿ ಬಣ್ಣ. ಬಣ್ಣದ ಮಾತು ಬಂದದ್ದೇ ತಡ, ಹಳದಿ ಯಾವ ಪಕ್ಷದ್ದು ಎಂದು ಎರಡೂ ಕಡೆಯವರು ಮೇಜು ಗುದ್ದತೊಡಗಿದರು. ಹೀಗಾಗುತ್ತದೆಂದು ಗೊತ್ತಿದ್ದೇ ಅವನು ಬಣ್ಣವನ್ನು ಆರನೇ ನಿಮಿಷಕ್ಕೆ ಇಟ್ಟಿದ್ದ.

"ನಾನು ಬಣ್ಣ ಕೇಳ್ಲಿಲ್ಲ ಸ್ವಾಮಿ," ಎಂದು ಸದಸ್ಯೆ ಗಂಟಲು ಕಟ್ಟುವವರೆಗೂ ಕೂಗಿದಳು. ಯಾರ ಕಿವಿಗೂ ಬೀಳಲಿಲ್ಲ. ಗಂಟೆ ಹೊಡೆಯಿತು. ಪ್ರಯೋಗಾಲಯದ ವರದಿ ಫೈಲಿನ ತಳದಲ್ಲಿ ಮಡಿಸಿಟ್ಟಂತೆಯೇ ಉಳಿಯಿತು. ಅದರಲ್ಲಿದ್ದದ್ದು ಒಂದೇ ಸಾಲು: ಕುಡಿಯಲು ಯೋಗ್ಯವಲ್ಲ. ಅಧ್ಯಕ್ಷರು ತಿರುಗಿ ಗುಮಾಸ್ತನ ಭುಜ ತಟ್ಟಿದರು. ಅವನಿಗೆ ನಾಚಿಕೆಯಾಯಿತು, ಜೊತೆಗೆ ಖುಷಿಯೂ ಆಯಿತು.

ಮನೆಯ ಮಟ್ಟಿಗೆ ಅವನು ಹುಷಾರಾಗಿದ್ದ. ವರದಿ ಬಂದ ದಿನವೇ ಅಕ್ಕನಿಗೆ, ನೀರು ಕುದಿಸದೆ ಮಗುವಿಗೆ ಕೊಡಬೇಡ ಎಂದಿದ್ದ. ಯಾಕೆಂದು ಹೇಳಿರಲಿಲ್ಲ. ಹೇಳಿದರೆ ಬೀದಿಗೆಲ್ಲ ಗೊತ್ತಾಗಿ ಅವನ ಕೆಲಸಕ್ಕೇ ಸಂಚಕಾರ ಬರುತ್ತಿತ್ತು.

ಸಂಜೆ ಮನೆಗೆ ಬಂದಾಗ ಒಲೆಯ ಮೇಲೆ ಎಂದಿನ ದೊಡ್ಡ ಪಾತ್ರೆ ಇರಲಿಲ್ಲ. ಅಕ್ಕನ ಮಗಳು ತುದಿಗಾಲಲ್ಲಿ ನಿಂತು ನಲ್ಲಿಯಿಂದ ಲೋಟ ತುಂಬಿಸಿ ಗಟಗಟನೆ ಕುಡಿಯುತ್ತಿದ್ದಳು. ಅವನು ಓಡಿಹೋಗಿ ಲೋಟ ಕಿತ್ತುಕೊಂಡ. ಅದು ಖಾಲಿಯಾಗಿತ್ತು.

"ಕುದಿಸು ಅಂತ ಹೇಳಿರ್ಲಿಲ್ವಾ ಅಕ್ಕ?" ಎಂದು ಕೂಗಿದ.

"ಮಧ್ಯಾಹ್ನ ರೇಡಿಯೋದಲ್ಲಿ ನಿಮ್ಮ ಸಭೆ ಕೇಳ್ದೆ ಕಣೋ," ಎಂದಳು ಅಕ್ಕ, ಗಾಬರಿಯಿಂದ ಅವನ ಮುಖ ನೋಡುತ್ತ. "ನೀರಿನ ಬಗ್ಗೆ ಅಷ್ಟುದ್ದ ಓದಿದ್ರು. ಎಲ್ಲ ನೀನೇ ಬರೆದಿದ್ದು ಅಂತ ಗೊತ್ತಾಯ್ತು. ನೀರು ಕೆಟ್ಟಿದ್ರೆ ಅಷ್ಟರಲ್ಲಿ ಒಂದು ಮಾತಾದ್ರೂ ಹೇಳ್ತಿರ್ಲಿಲ್ವಾ?"