ಗುವಾಹಟಿ ಎಷ್ಟು ದೂರ

ಸಿದ್ದರಾಮಪ್ಪನವರು ಸ್ಟೂಲ್ ಹತ್ತಿ, ಗೋಡೆಗೆ ತೂಗುಹಾಕಿದ್ದ ಭಾರತದ ನಕಾಶೆಗೆ ಗೇಣು ಹಾಕಿದರು. ಹೆಬ್ಬೆರಳು ಹೈದರಾಬಾದಿನ ಮೇಲಿತ್ತು. ಕಿರುಬೆರಳನ್ನು ಎಷ್ಟು ಚಾಚಿದರೂ ಗುವಾಹಟಿ ಸಿಗಲಿಲ್ಲ.

“ನೋಡು, ಒಂದ ಗೇಣಿನ್ಯಾಗೂ ಮುಟ್ಟವಲ್ದು. ಇಷ್ಟ ದೂರ ಯಾರರ ಮಗಳನ್ನ ಕೊಡ್ತಾರೇನು?”

ಹೈದರಾಬಾದಿನ ಸುಲ್ತಾನ್ ಬಜಾರಿನ ತಮ್ಮ ಅಂಗಡಿಯಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದ ಕೈ ಅದು. ಅದು ಕೊಟ್ಟ ತೀರ್ಪಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಆದರೆ ನಿಖಿತಾ ಅವರದೇ ಮಗಳು, ಹಟದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಗುವಾಹಟಿಯ ಕಾಲೇಜಿನಲ್ಲಿ ಪಾಠ ಮಾಡುವ ವಿಶ್ವಜಿತ್ ಅವಳಿಗೆ ಮನಸಾರೆ ಒಪ್ಪಿಗೆಯಾಗಿದ್ದ. ಬೀದರದ ಮನೆತನ, ತಮ್ಮವರೇ, ಹುಡುಗ ಸಂಭಾವಿತ. ಸಂಜೆ ಐದಕ್ಕೆ ಅವನ ತಂದೆ ಫೋನು ಮಾಡುವವರಿದ್ದರು. ಹೂಂ ಅನ್ನಬೇಕು, ಇಲ್ಲವೇ ಉಹೂಂ ಅನ್ನಬೇಕು. ಆಗಲೇ ನಾಲ್ಕೂವರೆಯಾಗಿತ್ತು.

“ಅಪ್ಪಾ, ವಿಮಾನದಾಗ ಬರೀ ಮೂರ ತಾಸು. ಮನ್ನೆ ಇದ ಊರಾಗ ಮಾದಾಪುರದಿಂದ ಮನಿಗೆ ಬರೂದ್ರಾಗ ನನಗ ಎರಡ ತಾಸ ಹಿಡೀತು.”

“ಮನಿಯಿಂದ ಏರ್‌ಪೋರ್ಟು ಒಂದೂವರಿ ತಾಸು. ಎರಡ ತಾಸ ಮೊದಲ ಹೋಗಿ ಅಲ್ಲಿ ಕುಂದರಬೇಕು. ಇಳದ ಮ್ಯಾಲ ಮತ್ತೊಂದ ತಾಸು. ಏಳೂವರಿ ಆತಿಲ್ಲೋ?” ಸಿದ್ದರಾಮಪ್ಪನವರು ಸ್ಟೂಲಿನಿಂದ ಇಳಿದರು. ದನಿಯೂ ಇಳಿಯಿತು. “ನಿನ್ನ ನೋಡಬೇಕು ಅನಿಸಿದಾಗ ಏಳೂವರಿ ತಾಸು ಹೆಂಗ ತಡಕೊಳ್ಳಲಿ?”

ಅವರಿಗೆ ಮಗಳೆಂದರೆ ಜೀವ, ಅದರಲ್ಲಿ ಸುಳ್ಳಿಲ್ಲ. ನಿಖಿತಾಳ ಕಣ್ಣು ತುಂಬಿ ಬಂತು.

ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅವಳ ತಾಯಿ ಪಾರ್ವತಿಬಾಯಿ ತಲೆಯೆತ್ತಿದರು. ಇಂಥ ಮಾತುಕತೆಯಲ್ಲಿ ಅವರು ಬಾಯಿ ಹಾಕಿದ್ದೇ ಅಪರೂಪ.

“ಹುಮನಾಬಾದ್ ಎಷ್ಟ ತಾಸ್ರಿ?”

“ನಿನ್ನ ತವರುಮನಿ? ಬಸ್ಸಿಗೆ ನಾಲ್ಕ ತಾಸು. ಅದ್ಯಾಕೀಗ?”

“ಮದುವಿ ಆದ ವರ್ಷ ಪಂಚಮಿಗೆ ನಮ್ಮಣ್ಣ ಕರಿಯಾಕ ಬಂದಿದ್ದ. ಅಂಗಡ್ಯಾಗ ಸೀಜನ್ ಐತಿ, ಮುಂದಿನ ವರ್ಷ ಕಳಸ್ತೀನಿ ಅಂದ್ರಿ. ಮುಂದಿನ ವರ್ಷಾನೂ ಬಂದ. ಆರ ಪಂಚಮಿ ಬಂದ, ಆರೂ ಸಲ ಚಾ ಕುಡದು ಒಬ್ಬನೇ ಹೋದ.” ಪಾರ್ವತಿಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಕೈ ಸೊಪ್ಪು ಸೋಸುತ್ತಲೇ ಇತ್ತು. “ಏಳನೇ ವರ್ಷ ಅವ್ವ ಹೋದ್ಲು ಅಂತ ಸುದ್ದಿ ಬಂತು. ಆವಾಗ ಕಳಸಿದ್ರಿ. ನಾಲ್ಕ ತಾಸಿನ ದಾರಿ, ನನಗ ಏಳ ವರ್ಷ ಹಿಡೀತು.”

ಸಿದ್ದರಾಮಪ್ಪನವರು ಸ್ಟೂಲಿನ ಮೇಲೆ ಕೂತರು. ಆ ಆರು ಪಂಚಮಿಗಳನ್ನು ಅವರು ಮರೆತೇಬಿಟ್ಟಿದ್ದರು. ನಾಚಿಕೆಯಾದದ್ದು ಅದಕ್ಕೇ.

“ಎಷ್ಟ ದೂರ ಅಂತ ಲೆಕ್ಕ ಹಾಕಬ್ಯಾಡ್ರಿ,” ಅಂದರು ಪಾರ್ವತಿಬಾಯಿ. “ಬಾ ಅಂದಾಗ ಹುಡುಗ ಕಳಸ್ತಾನೇನು, ಅಷ್ಟ ಕೇಳ್ರಿ.”

ನಿಖಿತಾ ಕಣ್ಣೊರೆಸಿಕೊಂಡು ಅಚ್ಚರಿಯಿಂದ ತಾಯಿಯನ್ನು ನೋಡಿದಳು. “ಅವ ಯಾಕ ಕಳಸಬೇಕವ್ವಾ? ನನಗ ಬರಬೇಕು ಅನಿಸಿದ್ರ ನಾನೇ ಟಿಕೆಟ್ ತೆಗಸಿ ಬರ್ತೀನಿ.”

ಪಾರ್ವತಿಬಾಯಿಯ ಕೈ ನಿಂತಿತು. ಮಗಳನ್ನು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

“ಹೂಂ ಅಂತ ಹೇಳಿಬಿಡ್ರಿ. ಗುವಾಹಟಿ ಭಾಳ ಹತ್ರ ಐತಿ.”