ವಿರೋಧಕ್ಕೆ ಎರಡು ನಿಮಿಷ

ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಮುಚ್ಚುವ ಕರಡು ನೀತಿಯ ಬಗ್ಗೆ ಸಂಘಸಂಸ್ಥೆಗಳ ಅಭಿಪ್ರಾಯ ಕೇಳುವ ಸಭೆ. ಬಿಸಿಬೇಳೆಬಾತ್ ಮುಗಿಯುವಷ್ಟರಲ್ಲಿ ಎಲ್ಲರೂ ಒಪ್ಪಿಬಿಟ್ಟಿದ್ದರು. ಸಭೆ ಕರೆದಿದ್ದ ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ ಅದೇ ತಲೆನೋವು.

ಬೆಟ್ಟದ ಬುಡದ ತಾಂಡಾದಲ್ಲಿ ಮಕ್ಕಳಿಗೆ ಸಂಜೆಪಾಠ ಹೇಳುವ ಹೆಂಗಸು ಕೊನೆಯ ಸಾಲಿನಲ್ಲಿದ್ದಳು. ನಿರ್ದೇಶಕರು ಅವಳ ಪಕ್ಕಕ್ಕೆ ಬಂದು ಕೂತರು.

“ಒಬ್ಬರಾದ್ರೂ ವಿರೋಧಿಸದಿದ್ರೆ ಮೇಲಿನವರು ಇದನ್ನ ಸಭೆ ಅಂತ ನಂಬಲ್ಲ ಮೇಡಂ. ಎರಡು ನಿಮಿಷ ಬೈದುಬಿಡಿ, ವಿಡಿಯೊದಲ್ಲಿ ಬರಲಿ.”

“ಬೈದ್ರೆ ನಮ್ಮ ತಾಂಡಾ ಶಾಲೆ ಉಳಿಯುತ್ತಾ ಸರ್?”

“ಉಳಿಯಲ್ಲ. ನೀತಿಗೆ ಒಂದು ಗೌರವ ಬರುತ್ತೆ.”

“ಹಾಗಾದ್ರೆ ನಾನು ಬಾಯೇ ಬಿಡಲ್ಲ. ವಿರೋಧ ಇಲ್ಲದೆ ನೀತಿನ ಮೇಲಕ್ಕೆ ಹೇಗೆ ಕಳಿಸ್ತೀರೋ ಕಳಿಸಿ.”

“ಬೇಡ ಬಿಡಿ. ನಮ್ಮ ಮನೆಯವರದ್ದೂ ಒಂದು ಸಂಸ್ಥೆ ಇದೆ,” ಎಂದು ಅವರು ಹೆಂಡತಿಗೆ ಫೋನ್ ಮಾಡಿದರು.

ಅರ್ಧ ಗಂಟೆಯಲ್ಲಿ ಆಕೆ ರೇಷ್ಮೆ ಸೀರೆಯುಟ್ಟು ಬಂದರು. ಏನು ಹೇಳಬೇಕೆಂದು ಗಂಡ ಕಿವಿಯಲ್ಲಿ ಹೇಳಿಕೊಟ್ಟರು.

“ನಾನು ಮಾತಾಡುವಾಗ ಯಾರೂ ಮಧ್ಯೆ ಬಾಯಿ ಹಾಕಲ್ಲ ತಾನೆ?”

“ಯಾರೂ ಹಾಕಲ್ಲ ಕಣೇ.”

“ವಿಡಿಯೊ ಮಂತ್ರಿಗಳ ಕಚೇರಿಗೇ ಹೋಗುತ್ತಾ?”

“ಇಲ್ಲಿಂದ ನೇರ ಅಲ್ಲಿಗೇ. ಈಗಲೇ ನೋಡ್ತಿದ್ದಾರೆ.”

ಆಕೆ ಮೈಕ್ ಹಿಡಿದು ಕ್ಯಾಮೆರಾದತ್ತ ತಿರುಗಿದರು.

“ಎಲ್ಲರಿಗೂ ನಮಸ್ಕಾರ. ತಾಂಡಾ ಶಾಲೆ ಮುಚ್ಚಿದ ಮೇಲೆ ಆ ಜಾಗದಲ್ಲಿ ರೆಸಾರ್ಟ್ ಮಾಡೋಣ ಅಂತ ಇವರೂ ಇವರ ತಮ್ಮನೂ ನಿನ್ನೆ ನಮ್ಮನೇಲಿ ಊಟಕ್ಕೆ ಕೂತಾಗ ಮಾತಾಡ್ಕೊಂಡ್ರು. ಅದು ತಪ್ಪಲ್ವಾ ಅಂದೆ. ‘ನಿನ್ನ ಅಭಿಪ್ರಾಯ ಯಾರು ಕೇಳಿದ್ರು’ ಅಂದ್ರು.”